ಟೇಲರ್ ಅಲ್ಲಿದ್ದರೇ? ಕಕ್ಕೇರಾದ ತರಗತಿಯಲ್ಲಿ ಸುರಪುರದ ಪಾಠ

ಬೋಧನಾಭ್ಯಾಸದ ಎರಡನೆಯ ವಾರ. ಕಕ್ಕೇರಾದ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಹತ್ತನೆಯ ತರಗತಿಗೆ ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದರು. ಸಾಮಾನ್ಯವಾಗಿ ಹತ್ತನೆಯ ತರಗತಿಯನ್ನು ಬೋಧನಾಭ್ಯಾಸಕ್ಕೆ ಬಿಟ್ಟುಕೊಡುವುದಿಲ್ಲ. ಶಾಲೆಯ ವಿಷಯ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಮುಖ್ಯಗುರುಗಳು ಒಪ್ಪಿದ್ದರು. ಘಟಕ: ಕರ್ನಾಟಕದಲ್ಲಿ ಬ್ರಿಟಿಷ್ ಆಳ್ವಿಕೆಗೆ ಪ್ರತಿರೋಧ. ಉಪಘಟಕ: ಸುರಪುರದ ರಾಜಾ ವೆಂಕಟಪ್ಪ ನಾಯಕರು. ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ನಾನು ಕುಳಿತಿದ್ದೆ.

ಪಾಠ ಚೆನ್ನಾಗಿಯೇ ಸಾಗುತ್ತಿತ್ತು. ಪೀಠಿಕೆಯ ಪ್ರಶ್ನೆಗಳು, ನಕ್ಷೆ, ಕಪ್ಪು ಹಲಗೆಯ ಸಾರಾಂಶ ಎಲ್ಲವೂ ಪಾಠಯೋಜನೆಯಲ್ಲಿ ಬರೆದಂತೆಯೇ ಇದ್ದವು. ಕೊನೆಯ ಹತ್ತು ನಿಮಿಷ ಇದ್ದಾಗ ಅವರು ಹಲಗೆಯ ಮೇಲೆ ಬರೆದರು: “ರಾಜನು ಸೆರೆವಾಸಕ್ಕೆ ಹೋಗುವ ದಾರಿಯಲ್ಲಿ ಗುಂಡು ಹೊಡೆದುಕೊಂಡು ಸತ್ತನು.” ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ.

“ಟೀಚರ್, ರಾಜಾ ತಾನಾ ಹೊಡ್ಕೊಂಡಿಲ್ರಿ. ಇಂಗ್ರೇಜ್ ಮಂದಿ ಹೊಡದಾರ. ನಮ್ಮ ಮುತ್ಯಾ ಹೇಳ್ಯಾನ.”

ಪ್ರಶಿಕ್ಷಣಾರ್ಥಿ ಬೇರೆ ಜಿಲ್ಲೆಯವರು. ಒಂದು ಕ್ಷಣ ತಡವರಿಸಿ, ನಗುತ್ತಾ ಕೇಳಿದರು: “ನಿಮ್ಮ ಮುತ್ಯಾ ಅಲ್ಲಿದ್ದರೇನು?” ತರಗತಿ ನಕ್ಕಿತು. ಹುಡುಗ ಕುಳಿತುಕೊಂಡ. ಗಂಟೆ ಹೊಡೆಯುವವರೆಗೂ ಅವನು ಮತ್ತೆ ತಲೆ ಎತ್ತಲಿಲ್ಲ.

ನಾನು ಅವಲೋಕನ ಪುಸ್ತಕದಲ್ಲಿ ಬರೆದ ಸಾಲು ಇದು: “ವಿದ್ಯಾರ್ಥಿಯ ಅಪ್ರಸ್ತುತ ಮಾತನ್ನು ಚಾತುರ್ಯದಿಂದ ನಿಭಾಯಿಸಿದ್ದಾರೆ.”

ಈ ಲೇಖನ ಆ ಸಾಲಿನ ಬಗ್ಗೆ. ಪ್ರಶಿಕ್ಷಣಾರ್ಥಿಯ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಅವರಿಗೆ ಆ ಪ್ರಸಂಗದ ಮೂಲ ಗೊತ್ತಿರಲಿಲ್ಲ, ಗೈಡಿನಲ್ಲಿ ಇದ್ದುದನ್ನು ಬರೆದಿದ್ದರು. ನನಗೆ ಗೊತ್ತಿತ್ತು. ರಾಜರು ಸತ್ತ ರೀತಿಯ ಕುರಿತು ನಾವೆಲ್ಲ ಓದುವ ವಿವರ ಬಹುಮಟ್ಟಿಗೆ ಬಂದಿರುವುದು ಒಬ್ಬರ ಆತ್ಮಕಥೆಯಿಂದ, ಮತ್ತು ಆ ಒಬ್ಬರೂ ಅಲ್ಲಿರಲಿಲ್ಲ. “ಅಲ್ಲಿದ್ದರೇನು?” ಎಂಬುದು ಇತಿಹಾಸದ ಅತ್ಯಂತ ಒಳ್ಳೆಯ ಪ್ರಶ್ನೆ. ಅದನ್ನು ಮುತ್ಯಾನಿಗೆ ಮಾತ್ರ ಕೇಳಿ, ಪುಸ್ತಕಕ್ಕೆ ಕೇಳದೆ ಬಿಟ್ಟದ್ದೇ ಆ ದಿನದ ಪಾಠದ ಲೋಪ.

ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ

ಪಠ್ಯದಲ್ಲಿ ಸುರಪುರಕ್ಕೆ ಸಿಕ್ಕಿರುವ ಜಾಗ ಕಡಿಮೆ. ಸುರಪುರ ಸೀಮೆಯ ಶಾಲೆಯಲ್ಲಿ ಅಷ್ಟನ್ನೇ ಓದಿಕೊಂಡು ಹೋದರೆ ಮಕ್ಕಳು ನಮಗಿಂತ ಹೆಚ್ಚು ತಿಳಿದವರಾಗಿರುತ್ತಾರೆ. ಆದ್ದರಿಂದ ಸ್ವಲ್ಪ ವಿವರ.

ಸುರಪುರ ಗೋಸಲ ವಂಶದ ಬೇಡ ನಾಯಕರ ಸಂಸ್ಥಾನ. ಔರಂಗಜೇಬನ ಕೊನೆಯ ಮುತ್ತಿಗೆ ನಡೆದದ್ದು ಈ ನಾಯಕರ ವಾಗಣಗೇರಿ ಕೋಟೆಯ ಮೇಲೆ, 1705ರಲ್ಲಿ. ಕೋಟೆ ಮೊಗಲರ ಕೈ ಸೇರಿತು, ನಾಯಕರು ಮಾತ್ರ ಸಿಗಲಿಲ್ಲ. ಮುಂದೆ ಗುಡ್ಡಗಳ ನಡುವಿನ ಸುರಪುರ ಅವರ ರಾಜಧಾನಿಯಾಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಂಸ್ಥಾನ ನಿಜಾಮನಿಗೆ ಪೇಶ್ಕಶ್ ಕೊಡುತ್ತಿತ್ತು. ನಿಜಾಮನ ಹಿಂದೆ ಬ್ರಿಟಿಷ್ ರೆಸಿಡೆಂಟ್ ಇದ್ದ. ಬಾಕಿ ಮತ್ತು ಸಾಲ ಸಂಸ್ಥಾನದ ಕತ್ತಿಗೆ ಬಿದ್ದಿದ್ದವು.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕರಿಗೆ ಸುಮಾರು ಏಳು ವರ್ಷ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಬಾಲರಾಜರ ಚಿಕ್ಕಪ್ಪ ಪಿಡ್ಡ ನಾಯಕರು ಇನ್ನೊಂದು ಕಡೆ. ಈ ಜಗಳದ ನಡುವೆ ಆಡಳಿತ ನೋಡಿಕೊಳ್ಳಲು ಬಂದವರು ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್, ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. 1839ರಲ್ಲೇ ಠಗ್ಗರ ಕುರಿತ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದವರು. 1853ರವರೆಗೆ ಅವರು ಇಲ್ಲಿದ್ದರು. ರಸ್ತೆ ಮಾಡಿಸಿದರು, ಲೆಕ್ಕಪತ್ರ ಸರಿಪಡಿಸಿದರು, ಬೋನಾಳ ಕೆರೆಯ ಕೆಲಸ ಮಾಡಿಸಿದರು. ರಾಜನಕೋಳೂರಿನ ಬೃಹತ್ ಶಿಲಾ ಸಂಸ್ಕೃತಿಯ ಕಲ್ಲುಮನೆಗಳನ್ನು ಅಳೆದು, ಚಿತ್ರ ಬಿಡಿಸಿ, ವಿದ್ವಾಂಸರ ಗಮನಕ್ಕೆ ತಂದವರೂ ಇವರೇ. ಸುರಪುರದ ಗುಡ್ಡದ ಮೇಲೆ ಅವರು ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ನಮ್ಮ ಮಕ್ಕಳು ಬೋನಾಳಕ್ಕೆ ಹಕ್ಕಿ ನೋಡಲು ಹೋಗುತ್ತಾರೆ, ರಾಜನಕೋಳೂರಿನ ಕಲ್ಲುಗಳ ಹತ್ತಿರ ದನ ಕಾಯ್ದಿರುತ್ತಾರೆ. ಆದರೆ ಈ ಮೂರನ್ನೂ ಜೋಡಿಸುವ ಮನುಷ್ಯ ಒಬ್ಬನೇ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಬಾಲರಾಜರು ಟೇಲರ್‌ರನ್ನು “ಅಪ್ಪಾ” ಎಂದು ಕರೆಯುತ್ತಿದ್ದರು. ಇದನ್ನು ಹೇಳಿರುವುದು ಟೇಲರ್ ಅವರೇ.

1853ರಲ್ಲಿ ರಾಜರು ಸ್ವತಂತ್ರವಾಗಿ ಆಡಳಿತ ವಹಿಸಿಕೊಂಡರು, ಟೇಲರ್ ಬೇರೆಡೆ ಹೋದರು. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಾಗ ಸುರಪುರದಲ್ಲಿ ಅರಬರು, ರೋಹಿಲಾಗಳು ಮತ್ತು ಬೇಡರು ಸೇರತೊಡಗಿದರು. ನಾನಾಸಾಹೇಬರ ಕಡೆಯವರು ಬಂದು ಹೋಗುತ್ತಿದ್ದಾರೆಂಬ ಸುದ್ದಿ ಬ್ರಿಟಿಷರಿಗೆ ಮುಟ್ಟಿತು. ಹೈದರಾಬಾದಿನ ರೆಸಿಡೆಂಟ್ ತನ್ನ ಸಹಾಯಕ ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಕಳುಹಿಸಿದ. ಮಾತುಕತೆ ಮುರಿಯಿತು. 1858ರ ಫೆಬ್ರವರಿ 7ರ ರಾತ್ರಿ, ಊರ ಹೊರಗೆ ಬೀಡುಬಿಟ್ಟಿದ್ದ ಕ್ಯಾಪ್ಟನ್ ವಿಂಡ್‌ಹ್ಯಾಮ್‌ನ ಪಡೆಯ ಮೇಲೆ ಸುರಪುರದವರು ಎರಗಿದರು. ಮರುದಿನದ ಕಾದಾಟದಲ್ಲಿ ಕುದುರೆ ಪಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಬ್ರಿಟಿಷರಿಗೆ ಇನ್ನಷ್ಟು ಪಡೆಗಳು ಬಂದು ಸೇರುತ್ತಿದ್ದವು. ಅಂದಿನ ರಾತ್ರಿ ರಾಜರು ಕೆಲವೇ ಸವಾರರೊಂದಿಗೆ ಹೈದರಾಬಾದಿನ ಕಡೆ ಹೊರಟರು. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಅವರನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದ.

ವಿಚಾರಣೆಯಲ್ಲಿ ಮರಣದಂಡನೆ ಆಯಿತು. ಅದು ಜೀವಾವಧಿ ಗಡೀಪಾರಿಗೆ ಇಳಿಯಿತು, ಗವರ್ನರ್ ಜನರಲ್ ಅದನ್ನೂ ಇಳಿಸಿ ಮದರಾಸಿನ ಹತ್ತಿರದ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸ ಎಂದು ಮಾಡಿದ. ಅಲ್ಲಿಗೆ ಒಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜರು ಸತ್ತರು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ.

ಸಂಸ್ಥಾನದ ಗತಿ ಇನ್ನೂ ಕಹಿ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು, ದಂಗೆಯ ಕಾಲದಲ್ಲಿ ತಮ್ಮ ಪರವಾಗಿ ನಿಂತಿದ್ದಕ್ಕೆ. ಹೀಗೆ ಬ್ರಿಟಿಷರ ವಿರುದ್ಧ ಎದ್ದ ಸೀಮೆ ಅವರ ಮಿತ್ರನ ಕೈಕೆಳಗೆ 1948ರ ಸೆಪ್ಟೆಂಬರ್‌ವರೆಗೆ ಉಳಿಯಿತು. ನಮ್ಮಲ್ಲಿ ಆಗಸ್ಟ್ 15ರ ಜೊತೆಗೆ ಸೆಪ್ಟೆಂಬರ್ 17ಕ್ಕೂ ಧ್ವಜ ಏರುವುದೇಕೆ ಎಂದು ಮಕ್ಕಳು ಕೇಳಿದರೆ, ಉತ್ತರ ಈ 1860ರಿಂದ ಆರಂಭವಾಗುತ್ತದೆ. ಎರಡು ಬೇರೆ ಬೇರೆ ಘಟಕಗಳಲ್ಲಿ ಬರುವ ಈ ಸಂಗತಿಗಳನ್ನು ಕೂಡಿಸುವ ಶಿಕ್ಷಕರನ್ನು ನಾನು ಹೆಚ್ಚು ಕಂಡಿಲ್ಲ.

ಆಕರದ ಸಮಸ್ಯೆ

ಟೇಲರ್ ಅವರ ಆತ್ಮಕಥೆ ಅಚ್ಚಾದದ್ದು 1877ರಲ್ಲಿ, ಅವರು ತೀರಿಕೊಂಡ ಮರುವರ್ಷ. ಮಗಳು ಅದನ್ನು ಸಂಪಾದಿಸಿದರು. ಹೈದರಾಬಾದಿನ ಸೆರೆಯಲ್ಲಿ ಟೇಲರ್ ರಾಜರನ್ನು ಕಂಡ ಪ್ರಸಂಗ ಅದರಲ್ಲಿದೆ. ಜೊತೆಗಿದ್ದವರ ಹೆಸರು ಹೇಳಿದರೆ ದಯೆ ಸಿಗಬಹುದೆಂದಾಗ ರಾಜರು ಒಪ್ಪಲಿಲ್ಲ, ನೇಣಿಗಿಂತ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ಕೇಳಿಕೊಂಡರು ಎಂದು ಟೇಲರ್ ಬರೆದಿದ್ದಾರೆ. ಇಲ್ಲೊಂದು ವಿಚಿತ್ರ ಇದೆ. ರಾಜರ ಸ್ವಾಭಿಮಾನದ ಬಗ್ಗೆ ನಾವು ಸಭೆಗಳಲ್ಲಿ ಹೇಳುವ ಈ ಪ್ರಸಂಗ ಬಂದಿರುವುದು ಇಂಗ್ಲಿಷ್ ಅಧಿಕಾರಿಯ ಪುಸ್ತಕದಿಂದ. 1909ರಲ್ಲಿ ಹೊರಬಂದ ಸಾವರ್ಕರರ 1857ರ ಪುಸ್ತಕ ಕೂಡ ಈ ಭೇಟಿಗೆ ಟೇಲರ್ ಅವರನ್ನೇ ಆಧಾರ ಮಾಡಿಕೊಂಡಿದೆ.

ಅಂದರೆ ಟೇಲರ್ ಸುಳ್ಳುಗಾರ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ರಾಜರ ಧೈರ್ಯದ ಸಾಕ್ಷಿಯೂ ಅದರೊಂದಿಗೆ ಹೋಗುತ್ತದೆ. ಟೇಲರ್ ಬರೆದದ್ದೆಲ್ಲ ಸತ್ಯ ಎಂದರೆ ರಾಜರ ಸಾವು ಆತ್ಮಹತ್ಯೆ ಎಂದು ಒಪ್ಪಬೇಕಾಗುತ್ತದೆ. ಒಂದೇ ಪುಸ್ತಕ, ಒಂದೇ ಕೈ. ಹತ್ತನೆಯ ತರಗತಿಯ ಮಕ್ಕಳಿಗೆ ಈ ಇಕ್ಕಟ್ಟು ಅರ್ಥವಾಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅದೂ ತಪ್ಪಾಗಿತ್ತು.

ಮರುಪಾಠ

ಆ ಸಂಜೆ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಇದನ್ನೆಲ್ಲ ಮಾತಾಡಿದೆ. ಅವರು ಮೊದಲು ಕೇಳಿದ್ದು, “ಹಾಗಾದರೆ ಹಲಗೆಯ ಮೇಲೆ ಏನು ಬರೆಯಬೇಕು ಸರ್?” ಎಂದು. ನ್ಯಾಯವಾದ ಪ್ರಶ್ನೆ. ಹಲಗೆಯ ಮೇಲೆ ಒಂದು ವಾಕ್ಯ ಬೇಕು, ಮಕ್ಕಳು ಅದನ್ನು ಬರೆದುಕೊಳ್ಳಬೇಕು, ಪರೀಕ್ಷೆಯಲ್ಲಿ ಅದು ಬರಬೇಕು ಎಂದು ನಾವೇ ಅವರಿಗೆ ಕಲಿಸಿದ್ದೇವೆ. ಆ ಒಂದು ವಾಕ್ಯದ ಜಾಗವನ್ನು ಖಾಲಿ ಬಿಡೋಣ ಎಂದು ತೀರ್ಮಾನಿಸಿದೆವು.

ಮಾರನೆಯ ದಿನ ಅವರು ತರಗತಿಗೆ ಹೋಗಿ ಮೊದಲು ಮಾಡಿದ ಕೆಲಸ ಆ ಹುಡುಗನ ಹೆಸರು ಹಿಡಿದು ಕರೆದದ್ದು. “ನಿನ್ನೆ ನೀನು ಕೇಳಿದ್ದು ಸರಿಯಾದ ಮಾತು, ನಾನು ನಗಬಾರದಿತ್ತು” ಎಂದರು. ಪಾಠಯೋಜನೆಯ ಯಾವ ಅಂಕಣದಲ್ಲೂ ಇದಕ್ಕೆ ಜಾಗವಿಲ್ಲ. ಆದರೆ ಉಳಿದ ಪಾಠ ನಿಂತದ್ದು ಇದರ ಮೇಲೆ. ಆಮೇಲೆ ಮನೆಗೆಲಸ ಕೊಟ್ಟರು. ಮನೆಯ ಅಥವಾ ಓಣಿಯ ಹಿರಿಯರೊಬ್ಬರಿಗೆ ಎರಡು ಪ್ರಶ್ನೆ ಕೇಳಿ ಬರಬೇಕು: ರಾಜಾ ಹೇಗೆ ಸತ್ತರು? ನಿಮಗೆ ಇದನ್ನು ಹೇಳಿದವರು ಯಾರು?

ಎರಡನೆಯ ಪ್ರಶ್ನೆಯೇ ಮುಖ್ಯ. ಅದನ್ನು ಬಿಟ್ಟರೆ ಇದು ಕಥೆ ಸಂಗ್ರಹವಾಗುತ್ತದೆ, ಸೇರಿಸಿದರೆ ಆಕರ ಪರಿಶೀಲನೆಯಾಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದಿತು. ನಾವು ಅದನ್ನು ಪಾಠಯೋಜನೆಯ ಮೊದಲ ಪುಟದಲ್ಲಿ ಬರೆದು ಅಲ್ಲಿಗೇ ಬಿಡುತ್ತೇವೆ. ಜೋಡಿಸುವುದೆಂದರೆ ಹೊರಗಿನದನ್ನು ಹೊಗಳಿ ಒಳಗೆ ತರುವುದಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು.

ಕಕ್ಕೇರಾದ ಮಕ್ಕಳಲ್ಲಿ ಬಹಳ ಮಂದಿ ಸುತ್ತಲಿನ ದೊಡ್ಡಿಗಳಿಂದ ನಡೆದು ಬರುವವರು. ದೊಡ್ಡಿ ಎಂದರೆ ಹೊಲದಲ್ಲೇ ಇರುವ ನಾಲ್ಕಾರು ಮನೆ, ದನ, ಕುರಿ. ಅಲ್ಲಿ ಸಂಜೆ ಮುತ್ಯಾ, ಆಯಿ ಮಾತಾಡಲು ಸಿಗುತ್ತಾರೆ. ಹಾಗಾಗಿ ಎರಡು ದಿನದಲ್ಲಿ ಉತ್ತರಗಳು ಬಂದವು. ಇಂಗ್ಲಿಷರು ಕೊಂದರು ಎಂದವರು ಹೆಚ್ಚು. ಕೋಟೆಯ ಒಳಗಿನವನೇ ದ್ರೋಹ ಮಾಡಿದ ಎಂಬ ಕಥೆ ತಂದವರು ಕೆಲವರು. ಮಾನ ಕಾಪಾಡಿಕೊಳ್ಳಲು ತಾವೇ ಹೊಡೆದುಕೊಂಡರು ಎಂದು ಹೇಳಿದ ಹಿರಿಯರೂ ಇದ್ದರು, ಅದೂ ಹೆಮ್ಮೆಯಿಂದ. ಒಬ್ಬ ಹುಡುಗಿಯ ಚೀಟಿಯಲ್ಲಿ ಇದ್ದದ್ದು ಬೇರೆ: “ನಮ್ಮವ್ವ ಗೊತ್ತಿಲ್ಲ ಅಂದ್ಳು. ಹೊಲದಾಗ ಕಳೇವು ತೆಗಿಯೋರಿಗೆ ರಾಜನ ಸುದ್ದಿ ಯಾರ್ ಹೇಳ್ತಾರ ಅಂದ್ಳು.” ಪ್ರಶಿಕ್ಷಣಾರ್ಥಿ ಇದನ್ನು ಉತ್ತರವಲ್ಲವೆಂದು ಬದಿಗಿಡಲು ಹೊರಟಿದ್ದರು. ನಾನು ಬೇಡ ಎಂದೆ. ಆ ಚೀಟಿಗೆ ಮತ್ತೆ ಬರುತ್ತೇನೆ.

ಮೂರನೆಯ ಅವಧಿಯಲ್ಲಿ ಹಲಗೆಯ ಮೇಲೆ ಎರಡು ಅಂಕಣ. ಒಂದು ಕಡೆ “ಟೇಲರ್”, ಇನ್ನೊಂದು ಕಡೆ “ನಮ್ಮ ಹಿರಿಯರು”. ಎಡಗಡೆಗೆ ಒಂದೇ ಪ್ರಶ್ನಾವಳಿ: ಹೇಳುವವರು ಯಾರು? ಯಾವಾಗ ಹೇಳಿದರು? ಅಲ್ಲಿದ್ದರೇ? ಹೀಗೆ ಹೇಳುವುದರಿಂದ ಅವರಿಗೆ ಏನು ಸಮಾಧಾನ?

ಟೇಲರ್ ಅಂಕಣ ತುಂಬಿದ್ದು ಹೀಗೆ. ರಾಜರನ್ನು ಸಾಕಿ ಬೆಳೆಸಿದ ಅಧಿಕಾರಿ. ಸತ್ತದ್ದು 1858ರಲ್ಲಿ, ಪುಸ್ತಕ ಬಂದದ್ದು 1877ರಲ್ಲಿ. ಅಲ್ಲಿರಲಿಲ್ಲ, ಬೇರೆಯವರಿಂದ ತಿಳಿದದ್ದು. ನಾಲ್ಕನೆಯ ಪ್ರಶ್ನೆಗೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಗ ಪ್ರಶಿಕ್ಷಣಾರ್ಥಿ ಒಂದು ಸುಳಿವು ಕೊಟ್ಟರು: ರಾಜರು ಇಪ್ಪತ್ನಾಲ್ಕನೆಯ ವಯಸ್ಸು ದಾಟುವುದಿಲ್ಲವೆಂದು ಜಾತಕದಲ್ಲಿ ಇತ್ತಂತೆ, ಟೇಲರ್ ಅದನ್ನೂ ಬರೆದಿದ್ದಾರೆ. ಕಿಟಕಿಯ ಹತ್ತಿರದ ಹುಡುಗಿ ಥಟ್ಟನೆ ಅಂದಳು: “ಜಾತಕದಾಗ ಬರದಿತ್ತು ಅಂದ್ರ ಯಾರ್ದೂ ತಪ್ಪಿಲ್ಲ ಅಂದಂಗಾತಲ್ರಿ ಟೀಚರ್.”

ನಾನು ಹಲವು ವರ್ಷ ಇತಿಹಾಸ ಬೋಧನಶಾಸ್ತ್ರ ಪಾಠ ಮಾಡಿದ್ದೇನೆ. ನಿರೂಪಣೆಯೊಂದು ಹೊಣೆಗಾರಿಕೆಯನ್ನು ಹೇಗೆ ಕರಗಿಸುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ ನಾನು ಯಾವತ್ತೂ ಹೇಳಿಲ್ಲ.

ಬಲಗಡೆಯ ಅಂಕಣ ಕಷ್ಟದ್ದು. ಮುತ್ಯಾನ ಮಾತನ್ನು ಪರಿಶೀಲಿಸುವುದೆಂದರೆ ಮುತ್ಯಾನನ್ನು ಅನುಮಾನಿಸುವುದು ಎಂದು ಮಕ್ಕಳು ತಿಳಿಯಬಾರದು. ಇಲ್ಲಿ ಪ್ರಶಿಕ್ಷಣಾರ್ಥಿ ಜಾಣತನ ತೋರಿದರು. ಟೇಲರ್‌ಗೆ ಕೇಳಿದ ಅದೇ ನಾಲ್ಕು ಪ್ರಶ್ನೆಗಳನ್ನು, ಅದೇ ಕ್ರಮದಲ್ಲಿ, ಅದೇ ದನಿಯಲ್ಲಿ ಕೇಳಿದರು. ಅಲ್ಲಿದ್ದರೇ? ಇಲ್ಲ. ಯಾವಾಗ ಹೇಳಿದರು? ನಾಲ್ಕೈದು ತಲೆಮಾರು ದಾಟಿ ಬಂದಿದೆ. ಹೀಗೆ ಹೇಳುವುದರಿಂದ ಏನು ಸಮಾಧಾನ? ಇದಕ್ಕೆ ಉತ್ತರ ಕೊಟ್ಟದ್ದು ಮೊದಲ ದಿನ ಎದ್ದು ನಿಂತ ಅದೇ ಹುಡುಗ: “ನಮ್ಮ ರಾಜಾ ಸೋತ ಅನ್ನೂದು ಮನಸಿಗಿ ಬರಲ್ರಿ.” ಯಾರೂ ನಗಲಿಲ್ಲ.

ಆಮೇಲೆ ಎರಡೂ ಕಡೆ ಒಪ್ಪುವ ಸಂಗತಿಗಳನ್ನು ಗುರುತಿಸಿದರು. ರಾಜರು ಸೆರೆಯಾಳಾಗಿದ್ದರು. ದಾರಿಯಲ್ಲಿ ಸತ್ತರು. ಗುಂಡಿನಿಂದ ಸತ್ತರು. ಸುತ್ತ ಕಾವಲಿತ್ತು. ಒಪ್ಪದ ಸಂಗತಿ ಒಂದೇ: ಗುಂಡು ಹಾರಿಸಿದ ಕೈ ಯಾರದು. ಅದರ ಮುಂದೆ ಹಲಗೆ ಖಾಲಿ ಉಳಿಯಿತು. ಆದರೆ ಒಬ್ಬ ಹುಡುಗ ಅದನ್ನೂ ಬಿಡಲಿಲ್ಲ. “ಯಾರ ಹೊಡದ್ರೂ ಬಂದೂಕು ಅವರ್ದ, ಕಾವಲು ಅವರ್ದ. ಜಿಮ್ಮೇದಾರಿ ಅವರ್ದೇ ಆತಲ್ರಿ?” ಎಂದ. ಸೆರೆಯಾಳಿನ ಜೀವಕ್ಕೆ ಸೆರೆಯಿಟ್ಟವರೇ ಹೊಣೆ ಎಂಬುದು ಇಂದಿನ ಕಾನೂನೂ ಒಪ್ಪುವ ಮಾತು. ಪ್ರಶಿಕ್ಷಣಾರ್ಥಿ ಅದನ್ನು ಹಲಗೆಯ ಕೆಳಗೆ ಪ್ರತ್ಯೇಕವಾಗಿ ಬರೆದರು.

ಶಿಕ್ಷಕರಿಗೆ ಒಂದು ಎಚ್ಚರಿಕೆ. ಈ ಚರ್ಚೆ ಹದಿನೈದು-ಹದಿನಾರರ ಮಕ್ಕಳ ಮುಂದೆ ನಡೆಯುತ್ತದೆ. ತಾವೇ ಗುಂಡು ಹೊಡೆದುಕೊಂಡಿದ್ದರೆ ಅದು ಶೌರ್ಯ ಎಂಬ ಕಡೆಗೆ ಮಾತು ಹೊರಳಿದರೆ ಅಲ್ಲಿ ನಿಲ್ಲಬಾರದು. ರಾಜರ ಹೆಸರು ಉಳಿದಿರುವುದು ಅವರು ಎದ್ದು ನಿಂತದ್ದಕ್ಕೆ ಮತ್ತು ಜೊತೆಗಿದ್ದವರನ್ನು ಬಿಟ್ಟುಕೊಡದೆ ಇದ್ದುದಕ್ಕೆ. ಚರ್ಚೆಯನ್ನು ಅಲ್ಲಿಗೆ ತರಬೇಕು. ಸಾವಿನ ವರ್ಣನೆ ಬೇಕಾಗಿಲ್ಲ.

ಏಕವಚನ, ಬಹುವಚನ

ಸಣ್ಣ ಮಾತು, ಆದರೆ ಬಿಡಲಾರೆ. ಮೊದಲ ಪಾಠದಲ್ಲಿ ಪ್ರಶಿಕ್ಷಣಾರ್ಥಿ ಬಾಯಲ್ಲಿ “ರಾಜರು” ಎನ್ನುತ್ತಿದ್ದರು, ಹಲಗೆಯ ಮೇಲೆ “ರಾಜನು ಸತ್ತನು” ಎಂದು ಬರೆದರು. ಟೇಲರ್‌ಗೆ ಒಮ್ಮೆ “ಅವನು”, ಒಮ್ಮೆ “ಅವರು”. ಕನ್ನಡದಲ್ಲಿ ಕ್ರಿಯಾಪದವೇ ತೀರ್ಪು ಕೊಟ್ಟುಬಿಡುತ್ತದೆ. ನಮ್ಮವರಿಗೆ ಬಹುವಚನ, ಪರಕೀಯರಿಗೆ ಏಕವಚನ ಎಂದಾದರೆ ಮಕ್ಕಳು ಆಕರವನ್ನು ಓದುವ ಮೊದಲೇ ಯಾರನ್ನು ನಂಬಬೇಕೆಂದು ಕಲಿತಿರುತ್ತಾರೆ. ಆಕರಗಳನ್ನು ಹೋಲಿಸುವ ಪಾಠದಲ್ಲಾದರೂ ಇಬ್ಬರಿಗೂ ಒಂದೇ ವಚನ ಇರಲಿ. ಈ ಲೇಖನದಲ್ಲಿ ರಾಜರಿಗೂ ಟೇಲರ್‌ಗೂ ಹಾಗೆ ಮಾಡಲು ಪ್ರಯತ್ನಿಸಿದ್ದೇನೆ. ಉಳಿದ ಅಧಿಕಾರಿಗಳ ವಿಷಯದಲ್ಲಿ ನನ್ನ ಕೈಯೇ ಹಳೆಯ ರೂಢಿಗೆ ಜಾರಿದೆ ಎಂಬುದು ಕರಡು ತಿದ್ದುವಾಗ ಕಂಡಿತು. ಹಾಗೆಯೇ ಬಿಟ್ಟಿದ್ದೇನೆ.

ಯಾರ ಪ್ರತಿರೋಧ?

ಈಗ ಆ ಹುಡುಗಿಯ ಚೀಟಿಗೆ. ಹೊಲದಲ್ಲಿ ಕಳೆ ತೆಗೆಯುವವರಿಗೆ ರಾಜನ ಸುದ್ದಿ ಯಾರು ಹೇಳುತ್ತಾರೆ ಎಂಬ ಆ ತಾಯಿಯ ಮಾತು ನಮ್ಮ ಪಠ್ಯದ ಮೇಲೂ ಆಕ್ಷೇಪ. ನಾವು ಪ್ರತಿರೋಧವನ್ನು ಒಬ್ಬೊಬ್ಬ ನಾಯಕರ ಹೆಸರಿನಲ್ಲಿ ಕಲಿಸುತ್ತೇವೆ: ಕಿತ್ತೂರು ಎಂದರೆ ಚೆನ್ನಮ್ಮ, ಸುರಪುರ ಎಂದರೆ ವೆಂಕಟಪ್ಪ ನಾಯಕರು. ಫೆಬ್ರವರಿ 7ರ ರಾತ್ರಿ ಬೀಡಿನ ಮೇಲೆ ಎರಗಿದವರು ಯಾರು? ಬೇಡರು, ಅರಬರು, ರೋಹಿಲಾಗಳು. ಅವರ ಹೆಸರುಗಳು ಪಾಠದಲ್ಲಿ ಇಲ್ಲ. ಅರಬರು, ರೋಹಿಲಾಗಳು ಎಂಬ ಮಾತನ್ನು ಹಲವು ಶಿಕ್ಷಕರು ಹಾರಿಸಿಯೇ ಬಿಡುತ್ತಾರೆ. ಆ ತರಗತಿಯಲ್ಲಿ ಮುಸ್ಲಿಂ ಮಕ್ಕಳಿದ್ದರು. ಅರಬರು ಸುರಪುರದ ಪರವಾಗಿ ಹೋರಾಡಿದರು ಎಂಬ ಸಾಲು ಬಂದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ನೆಟ್ಟಗೆ ಕುಳಿತದ್ದನ್ನು ನಾನು ನೋಡಿದೆ. ಇದೇ ತರಗತಿಯಲ್ಲಿ, ವಿರಾಮದ ಹೊತ್ತಿಗೆ, “ಅದು ಅವರ ರಾಜಾ ರೀ, ನಮ್ಮವನಲ್ಲ” ಎಂದು ಬೇರೆ ಜಾತಿಯ ಹುಡುಗನೊಬ್ಬ ಹೇಳಿದ್ದನ್ನೂ ಕೇಳಿದೆ. ಸುರಪುರದ ಪಾಠವನ್ನು ಒಂದು ಸಮುದಾಯದ ಹೆಮ್ಮೆಯಾಗಿ ಮಾತ್ರ ಕಲಿಸಿದರೆ ಉಳಿದ ಬೆಂಚುಗಳು ಹೊರಗುಳಿಯುತ್ತವೆ. ಆ ಹೆಮ್ಮೆಯನ್ನೇ ಅಳಿಸಿ ಕಲಿಸಿದರೆ ಸುಳ್ಳಾಗುತ್ತದೆ, ಏಕೆಂದರೆ ಬೇಡರು ತಮ್ಮ ಆಯುಧ ಮತ್ತು ಸ್ವಾತಂತ್ರ್ಯವನ್ನು ಬಿಟ್ಟುಕೊಡದೆ ಇದ್ದದ್ದು ಇತಿಹಾಸದ ಸಂಗತಿ.

ಇಲ್ಲಿ ನೆರವಿಗೆ ಬರುವುದು ಹಲಗಲಿ. ಮುಧೋಳ ಸಂಸ್ಥಾನದ ಆ ಊರಿನಲ್ಲಿ ರಾಜನಿರಲಿಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧ ಒಪ್ಪಿಸಲು ಊರಿನ ಬೇಡರು ಒಪ್ಪಲಿಲ್ಲ. ಅದೇ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿತು. ಆ ಹೋರಾಟದ ಲಾವಣಿ ಇದೇ ಮಕ್ಕಳ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ “ಹಲಗಲಿ ಬೇಡರು” ಎಂಬ ಹೆಸರಿನಲ್ಲಿ ಇದೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್, ಶಾಸನತಜ್ಞರೆಂದು ನಾವು ಬಲ್ಲ ಬ್ರಿಟಿಷ್ ಅಧಿಕಾರಿ. ಮತ್ತೆ ಅದೇ ಗಂಟು: ಹಾಡಿದವರು ನಮ್ಮವರು, ಬರೆದಿಟ್ಟವರು ಅವರು.

ಕನ್ನಡ ಶಿಕ್ಷಕರೂ ಸಮಾಜ ವಿಜ್ಞಾನ ಶಿಕ್ಷಕರೂ ಒಂದೇ ಸಿಬ್ಬಂದಿ ಕೋಣೆಯಲ್ಲಿ ಚಹಾ ಕುಡಿಯುತ್ತಾರೆ, ಆದರೆ ಈ ಎರಡು ಪಾಠಗಳನ್ನು ಒಂದೇ ವಾರದಲ್ಲಿ ಇಟ್ಟುಕೊಳ್ಳುವ ಮಾತು ಬರುವುದಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಕನ್ನಡ ಮತ್ತು ಇತಿಹಾಸ ಎರಡನ್ನೂ ಬೋಧನ ವಿಷಯವಾಗಿ ಆರಿಸಿಕೊಂಡವರು ಬಹಳ ಜನ. ಮುಂದಿನ ಸಾಲಿನ ಬೋಧನಾಭ್ಯಾಸದಲ್ಲಿ ಅವರಿಗಾದರೂ ಈ ಎರಡು ಪಾಠಗಳನ್ನು ಜೋಡಿಪಾಠವಾಗಿ ಕೊಡಬಹುದು. ಸಮಯಸಾರಣಿ ಹೊಂದಿಸುವುದು ತಲೆನೋವು, ಅದನ್ನು ಮುಚ್ಚಿಡುವುದಿಲ್ಲ.

ಸಮಯದ ಮಾತು ಬಂದದ್ದರಿಂದ ಹೇಳಬೇಕು. ಒಂದು ಅವಧಿಯ ಉಪಘಟಕಕ್ಕೆ ನಾವು ಮೂರು ಅವಧಿ ಬಳಸಿದೆವು. ಶಾಲೆಯ ಶಿಕ್ಷಕರು ಮರಳಿ ಬಂದಾಗ ಇದಕ್ಕೆ ಬೇಸರಪಟ್ಟರು, ಅವರ ಬೇಸರ ನ್ಯಾಯವಾದದ್ದೇ. ಪ್ರತಿ ಉಪಘಟಕಕ್ಕೂ ಹೀಗೆ ಮಾಡಲಾಗದು, ಮಾಡಲೂ ಬೇಕಿಲ್ಲ. ವರ್ಷಕ್ಕೆ ಒಂದು ಸಾಕು, ಊರಿನದೇ ಆಗಿದ್ದರೆ.

ಮೌಲ್ಯಮಾಪನ

ಘಟಕ ಪರೀಕ್ಷೆಗೆ ಪ್ರಶಿಕ್ಷಣಾರ್ಥಿ ಹಾಕಿದ ಪ್ರಶ್ನೆ: “ರಾಜಾ ವೆಂಕಟಪ್ಪ ನಾಯಕರ ಸಾವಿನ ಬಗ್ಗೆ ಟೇಲರ್ ಹೇಳುವುದನ್ನು ನೀವು ಎಷ್ಟರ ಮಟ್ಟಿಗೆ ನಂಬುತ್ತೀರಿ? ಕಾರಣ ಕೊಡಿ.” ಮೂರು ಅಂಕ. ಟೇಲರ್ ಯಾರು, ಯಾವಾಗ ಬರೆದರು ಎಂದು ಗುರುತಿಸಿದರೆ ಒಂದು. ಅಲ್ಲಿ ಇರಲಿಲ್ಲ ಎಂಬುದನ್ನು ಬಳಸಿಕೊಂಡರೆ ಒಂದು. ತನ್ನ ತೀರ್ಮಾನಕ್ಕೆ ಹೊಂದುವ ಕಾರಣ ಕೊಟ್ಟರೆ ಒಂದು. ತೀರ್ಮಾನ ಯಾವುದಾದರೂ ಅಂಕಕ್ಕೆ ವ್ಯತ್ಯಾಸವಿಲ್ಲ. “ಎಸ್ಸೆಸ್ಸೆಲ್ಸಿಯಲ್ಲಿ ಹೀಗೆ ಬರೆದರೆ ಅಂಕ ಸಿಗುತ್ತದೆಯೇ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪರೀಕ್ಷೆಯಲ್ಲಿ ಪಠ್ಯದಲ್ಲಿ ಇರುವುದನ್ನು ಬರೆ, ಅದರ ಪಕ್ಕದಲ್ಲಿ ಇನ್ನೊಂದು ಅಭಿಪ್ರಾಯವೂ ಇದೆ ಎಂದು ಒಂದು ಸಾಲು ಸೇರಿಸು ಎಂದು ಹೇಳಿದೆವು. ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಬಳಿ ಇರಲಿಲ್ಲ.

ಮೊದಲ ದಿನದ ಆ ಹುಡುಗನಿಗೆ ಎರಡು ಅಂಕ ಬಂತು. ಟೇಲರ್ ಪುಸ್ತಕದ ಇಸವಿ ತಪ್ಪು ಬರೆದಿದ್ದ. ಉತ್ತರದ ಕೊನೆಯಲ್ಲಿ, ಕೇಳದಿದ್ದರೂ, ತನ್ನ ಮನೆಗೆಲಸದ ಸಾಲನ್ನು ಸೇರಿಸಿದ್ದ: ಮುತ್ಯಾನಿಗೆ ಹೇಳಿದವರು ಅವರ ಅಪ್ಪ, ಅವರಿಗೆ ಹೇಳಿದವರು ದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕ, ಆ ಮುದುಕನಿಗೆ ಯಾರು ಹೇಳಿದರೋ ಗೊತ್ತಿಲ್ಲ, ಆತನೂ ಅಲ್ಲಿರಲಿಲ್ಲ.

ಅವಲೋಕನ ಪುಸ್ತಕದ ಆ ಸಾಲನ್ನು ನಾನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ ತಾರೀಖು ಬರೆದಿದ್ದೇನೆ. “ಅಪ್ರಸ್ತುತ” ಎಂಬ ಪದ ಇನ್ನೂ ಓದಲು ಬರುತ್ತದೆ. ಪ್ರಶಿಕ್ಷಣಾರ್ಥಿ ಆ ಪುಟವನ್ನು ಹಾಗೆಯೇ ತಮ್ಮ ದಾಖಲೆಯಲ್ಲಿ ಇಟ್ಟುಕೊಂಡಿದ್ದಾರೆ.